ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ: ರೇಖೆಯಿಂದ ವಿಗ್ರಹದವರೆಗೆ

ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕು ಶಿಲಾಸಂಪತ್ತಿಗೂ ಶಿಲ್ಪಕಲೆಗೂ ಹೆಸರಾದುದು. ಕರಿಕಲ್ಲು ಎಂಬ ಮಾತಿನಿಂದಲೇ ಕಾರ್ಕಳವೆಂಬ ಹೆಸರು ಬಂದಿತೆಂಬ ಅಭಿಪ್ರಾಯವೂ ಇದೆ. ಈ ನೆಲದಲ್ಲಿ ಜನಿಸಿ, ಇಲ್ಲಿಯ ಕಲ್ಲಿನಲ್ಲಿಯೇ ಧರ್ಮಸ್ಥಳದ ಶ್ರೀ ಬಾಹುಬಲಿಯ 39 ಅಡಿ ಎತ್ತರದ ಏಕಶಿಲಾ ವಿಗ್ರಹವನ್ನು ಕಡೆದವರು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ (1896-1985).

ಶ್ರೀಯುತರ ಹೆಸರಿನೊಡನೆ ಸೇರಿರುವ ರೆಂಜಾಳವು ಕಾರ್ಕಳ ತಾಲೂಕಿನ ಒಂದು ಗ್ರಾಮ. ಅವರು ಹುಟ್ಟಿದ ಕಾಲಕ್ಕೆ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದುದು ಅವರ ಮರಣಾನಂತರ, 1997ರಲ್ಲಿ. ಕಲ್ಲುಕೆತ್ತನೆಯು ಕರಾವಳಿಯಲ್ಲಿ ಬಹುಮಟ್ಟಿಗೆ ವಿಶ್ವಕರ್ಮ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದ ವೃತ್ತಿ. ಶೆಣೈ ಎಂಬ ಕೊಂಕಣಿ ಮನೆತನದ ಹೆಸರುಳ್ಳ ಒಬ್ಬರು ಉಳಿ ಸುತ್ತಿಗೆ ಹಿಡಿದು ಆ ವೃತ್ತಿಯಲ್ಲಿ ಅಗ್ರಸ್ಥಾನಕ್ಕೆ ಏರಿದುದು ಸಾಮಾನ್ಯ ಸಂಗತಿಯಲ್ಲ.

ಅವರ ಕಣ್ಣೆದುರಿಗೇ ಹಿರಿಯ ಮಾದರಿಯೊಂದಿತ್ತು. ಭೈರವ ಅರಸು ಮನೆತನದ ವೀರಪಾಂಡ್ಯನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟೇಶ್ವರನು ಕಾರ್ಕಳದ ಗುಡ್ಡದ ಮೇಲೆ ನಿಂತಿದ್ದಾನೆ. ನೆರೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಸುಮಾರು 35 ಅಡಿಯ ವಿಗ್ರಹವಿದೆ. ಶ್ರವಣಬೆಳಗೊಳದ ಬೃಹನ್ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲಿಯೇ ಬಿಡಿಸಲಾಗಿದ್ದರೆ, ಕಾರ್ಕಳದ ಮೂರ್ತಿಯನ್ನು ಬೇರೆಡೆ ಕಡೆದು ಅನಂತರ ಗುಡ್ಡವೇರಿಸಲಾಯಿತು. ಚಂದ್ರಮ ಕವಿಯ ಕಾರ್ಕಳದ ಗೊಮ್ಮಟೇಶ್ವರ ಚರಿತೆಯಲ್ಲಿ ಬಂಡಿಯ ಮೇಲೆ ಮೂರ್ತಿಯನ್ನು ಎಳೆದೊಯ್ದ ವರ್ಣನೆಯಿದೆ. ವೇಣೂರಿನ ತರುವಾಯ ಮೂರೂವರೆ ಶತಮಾನಗಳ ಕಾಲ ತುಳುನಾಡಿನಲ್ಲಿ ಆ ಗಾತ್ರದ ಗೊಮ್ಮಟ ಎದ್ದುನಿಲ್ಲಲಿಲ್ಲ. ಆದುದರಿಂದ ಅಂತಹ ಕೆಲಸವನ್ನು ಕೈಯಾರೆ ಮಾಡಿದವರಿಂದ ನೇರವಾಗಿ ಕೇಳಿ ತಿಳಿಯುವ ಅವಕಾಶ ಶೆಣೈಯವರಿಗೆ ಇರಲಿಲ್ಲ.

ಧರ್ಮಸ್ಥಳದಲ್ಲಿ ಬಾಹುಬಲಿ ವಿಗ್ರಹವನ್ನು ಸ್ಥಾಪಿಸುವ ಸಂಕಲ್ಪ ಮಾಡಿದವರು ಅಂದಿನ ಧರ್ಮಾಧಿಕಾರಿ ಶ್ರೀ ರತ್ನವರ್ಮ ಹೆಗ್ಗಡೆಯವರು. ಕೆಲಸವನ್ನು ಶೆಣೈಯವರಿಗೆ ವಹಿಸಲಾಗಿ, 1967ರಲ್ಲಿ ಕಾರ್ಕಳದಲ್ಲಿ ಕೆತ್ತನೆ ಆರಂಭವಾಯಿತು. ಆಗ ಶಿಲ್ಪಿಗೆ ಎಪ್ಪತ್ತು ದಾಟಿತ್ತು. ಮರದ ಕೆಲಸದಲ್ಲಿ ತಪ್ಪಿದರೆ ತುಂಡು ಸೇರಿಸಬಹುದು, ಗಾರೆಯಲ್ಲಿ ಮತ್ತೆ ಮೆತ್ತಬಹುದು. ಏಕಶಿಲೆಯಲ್ಲಿ ಒಮ್ಮೆ ಹಾರಿದ ಚಕ್ಕೆ ಹಾರಿದಂತೆಯೇ. ಮೂಗಿನ ತುದಿಯೊಂದು ಒಡೆದರೆ ವರ್ಷಗಳ ದುಡಿಮೆ ವ್ಯರ್ಥವಾಗುತ್ತದೆ, ಆ ವಯಸ್ಸಿನಲ್ಲಿ ಇನ್ನೊಂದು ಬಂಡೆಯನ್ನು ಆರಿಸಿ ಮೊದಲಿನಿಂದ ತೊಡಗಲು ಕಾಲವೂ ಉಳಿದಿರುವುದಿಲ್ಲ.

ಇಂತಹ ಕಾರ್ಯಕ್ಕೆ ಕೈಹಾಕುವ ಶಿಲ್ಪಿಯ ಮುಂದೆ ಮೊದಲು ಬರುವ ಪ್ರಶ್ನೆ, ಮನಸ್ಸಿನಲ್ಲಿರುವ ರೂಪವನ್ನು ಕಲ್ಲಿಗೆ ಯಾವುದರ ಮೂಲಕ ಒಯ್ಯುವುದು ಎಂಬುದು. ಒಂದು ದಾರಿ ರೇಖೆಯದು. ಶಿಲ್ಪಶಾಸ್ತ್ರದ ಪದ್ಧತಿಯಂತೆ ಬಂಡೆಯ ಮುಖವನ್ನು ಸಮಮಾಡಿ, ನಡುವೆ ಬ್ರಹ್ಮಸೂತ್ರವೆಂಬ ನೇರ ಗೆರೆಯನ್ನು ಎಳೆದು, ತಾಳಮಾನದ ಪ್ರಕಾರ ಅಂಗಾಂಗಗಳ ಸ್ಥಾನಗಳನ್ನು ಗುರುತಿಸಲಾಗುತ್ತದೆ. ತಾಳವೆಂದರೆ ವಿಗ್ರಹದ ಮುಖದ ಉದ್ದ. ದಶತಾಳದ ಲೆಕ್ಕ ಹಿಡಿದರೆ 39 ಅಡಿಯ ವಿಗ್ರಹಕ್ಕೆ ಸುಮಾರು ನಾಲ್ಕು ಅಡಿಯ ಮುಖ ಬರುತ್ತದೆ, ಉಳಿದ ಅಳತೆಗಳೆಲ್ಲ ಅದರಿಂದ ಹೊರಡುತ್ತವೆ. ಗೆರೆಯನ್ನು ಕಲ್ಲಿನ ಮೇಲೆ ಪೂರ್ಣ ಗಾತ್ರದಲ್ಲಿಯೇ ಎಳೆಯುವುದರಿಂದ ಅಳತೆಯನ್ನು ಹಿಗ್ಗಿಸುವ ಗೊಡವೆಯಿಲ್ಲ. ಮೇಲಾಗಿ ಗೆರೆಯು ಎಲ್ಲರಿಗೂ ಒಂದೇ ರೀತಿ ಅರ್ಥವಾಗುವ ಆಜ್ಞೆಯಿದ್ದಂತೆ. ಹಲವು ಕೈಗಳು ಏಕಕಾಲದಲ್ಲಿ ದುಡಿಯುವ ಕಡೆ ಇದು ಸಣ್ಣ ಅನುಕೂಲವಲ್ಲ.

ಆದರೆ ಗೆರೆಗೆ ಒಂದು ಮಿತಿಯಿದೆ. ಮನೆ ಕಟ್ಟುವ ಪರವಾನಗಿಗಾಗಿ ನಾಗರಿಕರು ಅರ್ಜಿಯೊಡನೆ ಸಲ್ಲಿಸುವ ನಕ್ಷೆಯನ್ನು ನೆನಪಿಗೆ ತಂದುಕೊಂಡರೆ ಇದು ಸ್ಪಷ್ಟವಾಗುತ್ತದೆ. ತಳವಿನ್ಯಾಸ, ಮುಂಭಾಗದ ನೋಟ, ಅಡ್ಡಸೀಳು ಎಂಬ ಮೂರು ಚಿತ್ರಗಳಿದ್ದರೆ ಸಾಮಾನ್ಯ ಮನೆಯೊಂದನ್ನು ಕಟ್ಟಬಹುದು. ಏಕೆಂದರೆ ಗೋಡೆಗಳು ನೇರವಾಗಿರುತ್ತವೆ, ಎರಡು ಗೆರೆಗಳ ನಡುವೆ ಏನಿದೆಯೆಂದು ಊಹಿಸುವ ಅಗತ್ಯವಿರುವುದಿಲ್ಲ. ಮನುಷ್ಯದೇಹದಲ್ಲಿ ನೇರವಾದುದು ಯಾವುದೂ ಇಲ್ಲ. ಕೆನ್ನೆಯು ಕಿವಿಯ ಕಡೆಗೆ ಹೇಗೆ ತಿರುಗುತ್ತದೆ, ಭುಜವು ಎಲ್ಲಿ ತೋಳಾಗುತ್ತದೆ ಎಂಬುದನ್ನು ಎದುರಿನ ಚಿತ್ರವೂ ಪಕ್ಕದ ಚಿತ್ರವೂ ಕೂಡಿ ಹೇಳಲಾರವು. ಬಾಹುಬಲಿಯ ತೊಡೆ ತೋಳುಗಳನ್ನು ಸುತ್ತಿಕೊಂಡು ಏರುವ ಬಳ್ಳಿಯಂತೂ ಒಂದು ಮುಖದಲ್ಲಿ ಕಾಣಿಸಿ ಇನ್ನೊಂದು ಮುಖದಲ್ಲಿ ಮರೆಯಾಗುತ್ತದೆ.

ಎರಡನೆಯ ದಾರಿ ಪ್ರತಿಕೃತಿಯದು. ಮಣ್ಣಿನಲ್ಲಿಯೋ ಗಾರೆಯಲ್ಲಿಯೋ ಚಿಕ್ಕ ಮೂರ್ತಿಯನ್ನು ಮಾಡಿ, ಸುತ್ತಲೂ ತಿರುಗಿ ನೋಡಿ ತಿದ್ದಿ, ಅದರ ಅಳತೆಗಳನ್ನು ಕಲ್ಲಿಗೆ ವರ್ಗಾಯಿಸುವುದು. ತಿರುವುಗಳೆಲ್ಲ ಇಲ್ಲಿ ಪ್ರತ್ಯಕ್ಷ. ಆದರೆ ತಪ್ಪು ಕೂಡ ಮೂರ್ತಿಯೊಂದಿಗೇ ಬೆಳೆಯುತ್ತದೆ. ಒಂದು ಅಡಿಗೆ ಒಂದು ಅಂಗುಲದಂತೆ 39 ಅಂಗುಲದ ಪ್ರತಿಕೃತಿಯನ್ನು ಮಾಡಿದರೆ, ಅದರಲ್ಲಿ ಅಂಗುಲದ ಎಂಟನೆಯ ಒಂದು ಪಾಲು ವ್ಯತ್ಯಾಸವಾದರೂ ಕಲ್ಲಿನಲ್ಲಿ ಅದು ಒಂದೂವರೆ ಅಂಗುಲವಾಗುತ್ತದೆ. ತುಟಿಯ ಅಂಚಿನಲ್ಲಿ ಒಂದೂವರೆ ಅಂಗುಲವೆಂದರೆ ಮುಗುಳ್ನಗೆಯೇ ಕೆಟ್ಟುಹೋಗಬಲ್ಲ ಅಂತರ.

ಇದರ ಜೊತೆಗೆ ಇನ್ನೊಂದು ತೊಡಕು. ಸಾಗಿಸಬೇಕಾದ ವಿಗ್ರಹವನ್ನು ಮಲಗಿದ ಬಂಡೆಯಲ್ಲಿಯೇ ಕಡೆಯಬೇಕಾಗುತ್ತದೆ. ಶಿಲ್ಪಿಯು ಮೂರ್ತಿಯ ಎದೆಯ ಮೇಲೆ ಓಡಾಡುತ್ತಾನೆ, ಮುಖದ ಪಕ್ಕದಲ್ಲಿ ಕುಳಿತು ಕಣ್ಣು ಬಿಡಿಸುತ್ತಾನೆ. ಆದರೆ ಎದ್ದುನಿಂತ ಮೂರ್ತಿಯನ್ನು ಭಕ್ತನು ಪಾದದ ಬಳಿಯಿಂದ ಕತ್ತೆತ್ತಿ ನೋಡುವಂತೆ ಮಾತ್ರ ನೋಡಲಾರ. ಕೆಳಗಿನಿಂದ ನೋಡುವವನಿಗೆ ಕಾಲು ದೊಡ್ಡದಾಗಿಯೂ ತಲೆ ಚಿಕ್ಕದಾಗಿಯೂ ತೋರುತ್ತದೆ. ಶಾಸ್ತ್ರದ ಅಳತೆಯನ್ನು ಯಥಾವತ್ತಾಗಿ ಅನುಸರಿಸಿದರೂ ಕಣ್ಣಿಗೆ ಅದು ತಪ್ಪಾಗಿ ಕಾಣಬಹುದು. ನೆಲದ ಮೇಲಿನ ಗೆರೆ ಇದನ್ನು ತೋರಿಸುವುದಿಲ್ಲ. ಚಿಕ್ಕ ಪ್ರತಿಕೃತಿಯನ್ನು ಎತ್ತರದಲ್ಲಿ ನಿಲ್ಲಿಸಿ, ಕೆಳಗೆ ಕುಳಿತು ನೋಡಿದರೆ ಒಂದಿಷ್ಟು ತಿಳಿದೀತು. ಹಾಗಾಗಿ ಅಳತೆಗೆ ಗೆರೆಯನ್ನೂ ತಿರುವಿಗೆ ಪ್ರತಿಕೃತಿಯನ್ನೂ ನೆಚ್ಚುವುದೇ ಈ ಗಾತ್ರದ ಕೆಲಸಕ್ಕೆ ಸರಿಯಾದ ಕ್ರಮವೆನ್ನಬೇಕು. ಕೊನೆಯ ತೀರ್ಮಾನವಂತೂ ಉಳಿ ಹಿಡಿದ ಕೈಗೇ ಬಿಟ್ಟದ್ದು.

ಕೆತ್ತನೆ ಆರಂಭವಾದ ಮರುವರ್ಷವೇ, 1968ರಲ್ಲಿ, ಶ್ರೀ ರತ್ನವರ್ಮ ಹೆಗ್ಗಡೆಯವರು ನಿಧನರಾದರು. ವಿಗ್ರಹವಿನ್ನೂ ಬಂಡೆಯಿಂದ ಹೊರಬರುತ್ತಿದ್ದ ಕಾಲವದು. ಅದೇ ವರ್ಷ ಅಕ್ಟೋಬರ್ ತಿಂಗಳಿನಲ್ಲಿ ಪಟ್ಟಾಭಿಷಿಕ್ತರಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ತಂದೆಯವರ ಸಂಕಲ್ಪವನ್ನು ಮುಂದುವರಿಸಿದುದರಿಂದ ಕೆಲಸ ನಿಲ್ಲಲಿಲ್ಲ. ಇಪ್ಪತ್ತರ ಹರೆಯದ ಧರ್ಮಾಧಿಕಾರಿ ಮತ್ತು ಎಪ್ಪತ್ತು ದಾಟಿದ ಶಿಲ್ಪಿ, ಇವರೀರ್ವರ ಕಾಲದಲ್ಲಿ ಮೂರ್ತಿ ಪೂರ್ಣರೂಪಕ್ಕೆ ಬಂದಿತು.

ಸುಮಾರು 170 ಟನ್ ತೂಕದ ಆ ವಿಗ್ರಹವನ್ನು 1973ರಲ್ಲಿ ಬಹುಚಕ್ರಗಳ ವಾಹನದ ಮೇಲೆ ಮಲಗಿಸಿ ಕಾರ್ಕಳದಿಂದ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ವೀರಪಾಂಡ್ಯನ ಕಾಲದ ಬಂಡಿಯ ಸ್ಥಾನದಲ್ಲಿ ಯಂತ್ರಗಳು ಬಂದಿದ್ದುವು. ಆದರೆ ಏರು, ಇಳಿಜಾರು, ತಿರುವುಗಳಲ್ಲಿ ಕಲ್ಲು ಬಿರುಕುಬಿಡದಂತೆ ನೋಡಿಕೊಳ್ಳುವ ಚಿಂತೆ ಹಳೆಯದೇ. ದೇವಸ್ಥಾನದ ಸಮೀಪದ ರತ್ನಗಿರಿ ಬೆಟ್ಟದ ಮೇಲೆ ವಿಗ್ರಹವನ್ನು ನಿಲ್ಲಿಸಿ, 1982ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಪ್ರತಿಷ್ಠಾಪನೆ ಹಾಗೂ ಪ್ರಥಮ ಮಹಾಮಸ್ತಕಾಭಿಷೇಕವನ್ನು ನೆರವೇರಿಸಲಾಯಿತು. ಮಲಗಿದ್ದಾಗ ಕಡೆದ ಮುಖವು ಆಕಾಶದ ಹಿನ್ನೆಲೆಯಲ್ಲಿ ಎತ್ತರದಿಂದ ನೋಡುವುದನ್ನು ಕಾಣುವ ಭಾಗ್ಯ ಶಿಲ್ಪಿಗೆ ತಮ್ಮ ಜೀವಿತಕಾಲದಲ್ಲಿಯೇ ಒದಗಿತು. ಮೂರು ವರ್ಷಗಳ ಬಳಿಕ, 1985ರಲ್ಲಿ, ಶೆಣೈಯವರು ನಿಧನ ಹೊಂದಿದರು. ಆ ವಿಗ್ರಹಕ್ಕೆ ಅನಂತರ 1995, 2007 ಮತ್ತು 2019ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದಿವೆ.

ಈಗ ಗಣಕಯಂತ್ರದ ಪರದೆಯ ಮೇಲೆ ಮೂರು ಆಯಾಮದ ಮಾದರಿಯನ್ನು ರಚಿಸಿ, ಯಂತ್ರದ ಉಳಿಯಿಂದ ಕಲ್ಲನ್ನು ಕೊರೆಯುವ ವ್ಯವಸ್ಥೆಯೂ ಬಂದಿದೆ. ಆದರೂ ಕೈಕೆತ್ತನೆಯ ವಿದ್ಯೆಗೆ ಈ ತಾಲೂಕಿನಲ್ಲಿ ನೆಲೆ ತಪ್ಪಿಲ್ಲ. ಕಲ್ಲು, ಮರ ಮತ್ತು ಲೋಹದ ಶಿಲ್ಪದಲ್ಲಿ ಯುವಕರಿಗೆ ತರಬೇತಿ ನೀಡುವ ಸಲುವಾಗಿ ಕೆನರಾ ಬ್ಯಾಂಕಿನ ಶತಮಾನೋತ್ಸವ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ವತಿಯಿಂದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯು ಮಿಯಾರಿನಲ್ಲಿ ಸ್ಥಾಪಿತವಾಗಿದೆ. ಶೆಣೈಯವರ ಕೃತಿಯನ್ನು ಸಂದರ್ಶಿಸಲಿಚ್ಛಿಸುವವರು ಕಾರ್ಕಳದ ಗೊಮ್ಮಟನನ್ನು ಮೊದಲು ನೋಡಿಕೊಂಡು, ಮಿಯಾರು, ಬಜಗೋಳಿ, ಹೊಸ್ಮಾರು, ನಾರಾವಿ, ಗುರುವಾಯನಕೆರೆ, ಬೆಳ್ತಂಗಡಿ ಮತ್ತು ಉಜಿರೆ ಮಾರ್ಗವಾಗಿ ಧರ್ಮಸ್ಥಳವನ್ನು ತಲುಪಬಹುದು.