ಎಲ್ಲಾ ಇದ್ದೂ ನೆಮ್ಮದಿ ಇಲ್ವಾ? ರಮಾಬಾಯಿ ಕಥೆ ಕೇಳಿ

ಗಂಡ ಆಫೀಸ್ ಕ್ಯಾಬ್ ಹತ್ತಿದ್ದಾಯ್ತು, ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ್ದಾಯ್ತು. ಕುಕ್ಕರ್ ಸದ್ದೂ ನಿಂತಿದೆ. ನಿಮ್ಮ ಮನೆ ವೈಟ್‌ಫೀಲ್ಡ್‌ನಲ್ಲಿರಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿರಲಿ, ಪೀಣ್ಯದ ಆಸುಪಾಸಿನಲ್ಲಿರಲಿ, ಈ ಹೊತ್ತಿಗೆ ಮನೆಯೆಲ್ಲಾ ನಿಶ್ಶಬ್ದ. ಆದರೆ ಮನಸ್ಸು? ಅದು ಮಾತ್ರ ಮಿಕ್ಸಿ ಥರ ಗಿರಗಿರ ತಿರುಗ್ತಾನೇ ಇರುತ್ತೆ, ಅಲ್ವಾ? ಮನೆ ಸಾಲದ ಕಂತು, ಊರಲ್ಲಿರೋ ಅತ್ತೆಯ ಮಂಡಿನೋವು, ಅರ್ಧಕ್ಕೆ ಬಿಟ್ಟ ನಮ್ಮ ಆಸೆಗಳು... ಸಾಲ ತೀರಿದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ ಆರಾಮಾಗಿರೋಣ ಅಂತ ನೆಮ್ಮದಿಯನ್ನ ಮುಂದಕ್ಕೆ ಹಾಕ್ತಾ ಹೋಗ್ತೀವಿ.

ನಾನೂ ಹಾಗೇ ಇದ್ದೆ. ಮದುವೆಯಾಗಿ ಈ ಕಡೆ ಬಂದ ಹೊಸತರಲ್ಲಿ ಮನೆಯವರಿಗೆ ನೈಟ್ ಶಿಫ್ಟ್. ರಾತ್ರಿ ಎರಡು ಗಂಟೆಗೆ ಬಾಲ್ಕನಿಯಲ್ಲಿ ನಿಂತು, ನನಗೇನು ಕಮ್ಮಿ ಅಂತ ಲೆಕ್ಕ ಹಾಕಿದರೆ ಏನೂ ಕಮ್ಮಿ ಇರುತ್ತಿರಲಿಲ್ಲ. ಆದರೂ ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಆಗ ನನ್ನ ಕೈಗೆ ಸಿಕ್ಕಿದ್ದು ಪಂಡಿತಾ ರಮಾಬಾಯಿಯವರ ಜೀವನಕಥೆ.

ಮಹಾರಾಷ್ಟ್ರದವರು ಅಂತ ನಾವೆಲ್ಲಾ ತಿಳಿದಿರೋ ಈಕೆ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ರಜೆಯಲ್ಲಿ ಹೊರನಾಡು, ಕುದುರೆಮುಖ ಅಂತ ಹೋಗಿ ಬರ್ತೀರಲ್ಲ, ಅದೇ ಸೀಮೆಯ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳ ಸಮೀಪದ ಮಾಳದ ಕಡೆಯವರು, ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರು ಸಂಸ್ಕೃತ ಓದಬಾರದು ಅನ್ನುತ್ತಿದ್ದ ಕಾಲದಲ್ಲಿ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಹೇಳಿಕೊಟ್ಟರು. ಆ ತಾಯಿ ಬೆಳಗಾಗುವ ಮುಂಚೆ, ಮನೆಗೆಲಸ ಶುರುವಾಗುವ ಮೊದಲೇ ಮಗಳನ್ನ ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಸಮಯ ಇಲ್ಲ ಅನ್ನೋ ನಮಗೆ ಇದೊಂದು ಪಾಠ!

ಆದರೆ ಬದುಕು ಮಾತ್ರ ತುಂಬಾ ಕಷ್ಟದ್ದು. ರಮಾ ಹಸುಗೂಸಾಗಿದ್ದಾಗಲೇ ಮನೆಮಂದಿಯೆಲ್ಲಾ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಹೊತ್ತು ಸಾಗಿಸಿದರಂತೆ. ಊರೂರು ಸುತ್ತಿ ಪುರಾಣ ಹೇಳುತ್ತಾ ಜೀವನ. 1870ರ ದಶಕದ ಬರದಲ್ಲಿ ಕೈಲಿದ್ದದ್ದೆಲ್ಲಾ ಕರಗಿತು. ಅಪ್ಪ ಹೋದರು, ಹಿಂದೆಯೇ ಅಮ್ಮ, ಆಮೇಲೆ ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ದೇಶದುದ್ದಕ್ಕೂ ಸುಮಾರು 4,000 ಮೈಲಿ ನಡೆದರು, ಎಷ್ಟೋ ದಿನ ಉಪವಾಸ.

1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯ ಪಾಂಡಿತ್ಯ ಕಂಡು ಬೆರಗಾಗಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಹೆಸರು ಬಂತು, ನೆಮ್ಮದಿ ಬರಲಿಲ್ಲ. ಧರ್ಮಶಾಸ್ತ್ರಗಳನ್ನ ಓದುತ್ತಾ ಹೋದ ಹಾಗೆ, ಹೆಣ್ಣಿಗೆ ಅಲ್ಲಿ ತನ್ನದೇ ಮೋಕ್ಷದ ದಾರಿ ಎಲ್ಲಿದೆ ಅನ್ನೋ ಪ್ರಶ್ನೆ ಕಾಡತೊಡಗಿತು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರ ಜೊತೆ ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಗೆ ಬಲಿ. 24 ತುಂಬುವ ಮೊದಲೇ ವಿಧವೆ, ಕಂಕುಳಲ್ಲಿ ಕೂಸು. ಯೋಚಿಸಿ ನೋಡಿ!

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಕೀಯ ಓದಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳದೆ ಆ ಆಸೆ ಅಲ್ಲಿಗೇ ನಿಂತಿತು. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ ಒಂದು ಸಂಗತಿ ಅವರ ಮನಸ್ಸನ್ನ ತಟ್ಟಿತು. ಸಮಾಜ ಕೆಟ್ಟವಳು ಅಂತ ಹೊರಗೆ ಹಾಕಿದ ಹೆಂಗಸರನ್ನ ಆ ಸನ್ಯಾಸಿನಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದಾಗ, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಕಥೆ ಹೇಳಿದರು. ಹೆಣ್ಣನ್ನ ದೂರ ತಳ್ಳದ ದೇವರು ಇಲ್ಲಿದ್ದಾನೆ ಅನ್ನಿಸಿತು ರಮಾಬಾಯಿಗೆ. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂದ್ಕೊಂಡ್ರಾ? ಇಲ್ಲ. ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ಭಾಗ. ಊರಿನವರಿಗೆ ಸಿಟ್ಟು, ತಮ್ಮವಳು ಕೈಬಿಟ್ಟು ಹೋದಳು ಅನ್ನೋ ನೋವು. ಇತ್ತ ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲಾ ರಮಾಬಾಯಿ ತಲೆಯಾಡಿಸಿ ಒಪ್ಪಿಕೊಳ್ಳಲಿಲ್ಲ, ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಅಮೆರಿಕಕ್ಕೆ ಹೋದರು, ಪುಸ್ತಕ ಬರೆದರು, ಹಣ ಕೂಡಿಸಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಹೊರಗೆ ಇಷ್ಟೆಲ್ಲಾ ಸಾಧನೆ, ಒಳಗೆ ಮಾತ್ರ ಅದೇ ಖಾಲಿ.

ದೀಕ್ಷೆಯಾಗಿ ಸುಮಾರು ಎಂಟು ವರ್ಷ ಆದಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ತನಗೆ ಸಿಕ್ಕಿದ್ದು ಬರೀ ಮತ, ಕ್ರಿಸ್ತನೇ ಇನ್ನೂ ಸಿಕ್ಕಿಲ್ಲ ಅಂತ. ಓದಿ, ವಾದಿಸಿ, ದುಡಿದು ದೇವರ ಪ್ರೀತಿ ಸಂಪಾದಿಸೋಕೆ ಹೊರಟಿದ್ದೆ, ಆ ಪ್ರೀತಿ ಸಂಪಾದಿಸುವ ವಸ್ತುವೇ ಅಲ್ಲ ಅಂತ ಅರಿವಾದಾಗ ಮನಸ್ಸಿನ ಮೂಟೆ ಇಳಿಸಿ ಕ್ರಿಸ್ತನಿಗೆ ಒಪ್ಪಿಸಿಬಿಟ್ಟರು. ಜೀವನದಲ್ಲಿ ಮೊದಲ ಸಲ ನೆಮ್ಮದಿ ಸಿಕ್ಕಿತು.

ಕಷ್ಟ ಮುಗಿದವಾ? ಅದೂ ಇಲ್ಲ. 1893ರಲ್ಲಿ, ಸದನದಲ್ಲಿ ಮತಾಂತರ ನಡೆಯುತ್ತಿದೆ ಅಂತ ಪುಣೆಯಲ್ಲಿ ದೊಡ್ಡ ಗಲಾಟೆಯಾಗಿ ಹಲವರು ಮಕ್ಕಳನ್ನ ಬಿಡಿಸಿಕೊಂಡು ಹೋದರು. 1896ರಲ್ಲಿ ಮತ್ತೆ ಬರ ಬಂತು. ಹಸಿವೆ ಏನು ಅಂತ ಗೊತ್ತಿದ್ದ ಈಕೆ ಸುಮ್ಮನೆ ಕೂರಲಿಲ್ಲ. ಮಧ್ಯ ಭಾರತಕ್ಕೆ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ನೇಯ್ಗೆ, ಹೈನುಗಾರಿಕೆ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಜೊತೆಗೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನ ಸರಳ ಮರಾಠಿಗೆ ತರುವ ಕೆಲಸಕ್ಕೂ ಕೈಹಾಕಿದರು.

1921ರ ಜುಲೈನಲ್ಲಿ, ಬಲಗೈಯಂತಿದ್ದ ಮಗಳು ಮನೋರಮಾ ತೀರಿಕೊಂಡಳು. ಆ ತಾಯಿ ಅನುವಾದ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ತಾವೂ ಕಣ್ಣುಮುಚ್ಚಿದರು. ಅವರ ಬೈಬಲ್ 1924ರಲ್ಲಿ ಅಚ್ಚಾಗಿ ಹೊರಬಂತು.

ಮತ ಬದಲಿಸಿ ಅಂತ ನಾನು ಹೇಳ್ತಿಲ್ಲ ಗೆಳತಿಯರೇ. ನೀವು ಚರ್ಚಿಗೇ ಹೋಗಿ, ದೇವರ ಕೋಣೆಯಲ್ಲೇ ಕೂತ್ಕೊಳ್ಳಿ, ರಮಾಬಾಯಿ ಬದುಕು ಹೇಳೋದು ಒಂದೇ. ಕಷ್ಟ ತೀರಿದ ಮೇಲೆ ನೆಮ್ಮದಿ ಅಂತ ಕಾದರೆ ಅದು ಬರೋದೇ ಇಲ್ಲ. ಒಳ್ಳೆ ಹೆಂಡತಿ, ಒಳ್ಳೆ ಸೊಸೆ, ಒಳ್ಳೆ ಅಮ್ಮ ಅಂತ ನೂರಕ್ಕೆ ನೂರು ಅಂಕ ತಗೊಂಡ್ರೂ ಬರಲ್ಲ. ಎಲ್ಲಾ ನನ್ನ ತಲೆ ಮೇಲೇ ಇದೆ ಅನ್ನೋ ಹೊರೆ ಇಳಿಸಿದಾಗ ಬರುತ್ತೆ. ಅನುಮಾನ ಬಂದರೆ ಹೆದರಬೇಡಿ, ಅವರಿಗೂ ಎಂಟು ವರ್ಷ ಹಿಡಿಯಿತು.

ನಾಳೆ ಮನೆ ಖಾಲಿಯಾದ ಮೇಲೆ ಟಿವಿ ಹಾಕುವ ಮುಂಚೆ ಹತ್ತು ನಿಮಿಷ ಕೂತ್ಕೊಳ್ಳಿ. ನಿಮ್ಮ ದೇವರ ಹತ್ತಿರ ಏನೂ ಕೇಳದೆ, ಇದ್ದ ಚಿಂತೆಯನ್ನ ಇದ್ದ ಹಾಗೇ ಹೇಳಿಬಿಡಿ. ಆಮೇಲೆ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರೇ ಇರೋ ಆ ಅಜ್ಜಿಯ ಬಾಗಿಲು ತಟ್ಟಿ, ಒಂದು ಲೋಟ ಕಾಫಿ ಕೊಟ್ಟು ಬನ್ನಿ. ಅವತ್ತು ರಾತ್ರಿ ನಿದ್ದೆ ಹೇಗೆ ಬಂತು ಅಂತ ನೀವೇ ನೋಡಿಕೊಳ್ಳಿ!