ಲೋರಾಂ ಕ್ಲೇರ್ ಎಂಬ ಕಿವುಡ ಉಪಾಧ್ಯಾಯನ ಚರಿತ್ರೆ

ಮಾತು ಮನುಷ್ಯನಿಗೆ ಹುಟ್ಟಿನೊಡನೆ ಬರುವದಲ್ಲ. ಅದನ್ನು ಕಲಿಯುವ ಶಕ್ತಿಯು ಮಾತ್ರ ಹುಟ್ಟಿನೊಡನೆ ಬರುತ್ತದೆ. ಮಾತಾದರೋ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ದಾಟಿ ಬರತಕ್ಕದ್ದು. ಹಾಗಾದರೆ ಕಿವಿ ಕೇಳದವರ ಗತಿ ಏನು? ಈ ಪ್ರಶ್ನೆಗೆ ತನ್ನ ಜೀವಮಾನದಿಂದಲೇ ಉತ್ತರ ಕೊಟ್ಟವನೊಬ್ಬನ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ.

ಲೋರಾಂ ಕ್ಲೇರನು 1785ನೇ ಇಸವಿ ದಶಂಬರ 26ರಲ್ಲಿ ಫ್ರಾನ್ಸ್ ದೇಶದ ಲಾ ಬಾಲ್ಮ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಒಂದು ವರುಷದ ಕೂಸಾಗಿದ್ದಾಗ ಕುರ್ಚಿಯಿಂದ ಬೆಂಕಿಗೆ ಬಿದ್ದು ಅವನ ಕೆನ್ನೆಯು ಸುಟ್ಟಿತು. ಕಿವಿ ಕೇಳದೆ ಹೋದದ್ದು ಇದರಿಂದಲೇ ಎಂದು ಮನೆಯವರು ನಂಬಿದ್ದರು. ಆ ಕಲೆಯು ಮಾಸಲಿಲ್ಲ. ಮುಂದೆ ಕಿವುಡರು ಆತನನ್ನು ಹೆಸರಿಸಬೇಕಾದಾಗ ಎರಡು ಬೆರಳುಗಳಿಂದ ತಮ್ಮ ಕೆನ್ನೆಯನ್ನು ಸವರುವರು. ಅದೇ ಆತನ ಹೆಸರಾಯಿತು. ಹನ್ನೆರಡು ವರುಷಗಳ ತನಕ ಅವನಿಗೆ ಯಾವ ಪಾಠವೂ ಇರಲಿಲ್ಲ. ಹಸುಗಳನ್ನು ಹೊಲಕ್ಕೆ ಹೊಡೆಯುವದು, ಕುದುರೆಯನ್ನು ನೀರಿಗೆ ಒಯ್ಯುವದು, ಇಷ್ಟೇ. ಇಂಥ ಮಕ್ಕಳು ನಮ್ಮ ಹಳ್ಳಿಗಳಲ್ಲಿಯೂ ಉಂಟು. ಅವರನ್ನು ಮೂಕನೆಂದೇ ಕರೆದು, ಬುದ್ಧಿಯಿಲ್ಲದವರೆಂದು ಎಣಿಸುವದು ನಮ್ಮಲ್ಲಿ ಇನ್ನೂ ತಪ್ಪಿಲ್ಲ.

1797ರಲ್ಲಿ ಆತನ ಚಿಕ್ಕಪ್ಪನು ಅವನನ್ನು ಪ್ಯಾರಿಸ್ ಪಟ್ಟಣದ ಕಿವುಡರ ಶಾಲೆಗೆ ಸೇರಿಸಿದನು. ಈ ಶಾಲೆಯನ್ನು ಸ್ಥಾಪಿಸಿದವನು ಲೆಪೇ ಎಂಬ ರೋಮನ್ ಕಥೋಲಿಕ ಪಾದ್ರಿಯು. ಪಟ್ಟಣದ ಕಿವುಡರು ತಮ್ಮತಮ್ಮೊಳಗೆ ಆಡುತ್ತಿದ್ದ ಕೈಸನ್ನೆಗಳನ್ನು ಲೆಪೇ ಅವರಿಂದಲೇ ಕಲಿತನು. ಬಳಿಕ ಫ್ರೆಂಚ್ ವ್ಯಾಕರಣದ ಪ್ರತ್ಯಯ ಪ್ರತ್ಯಯಕ್ಕೂ ಒಂದೊಂದು ಸನ್ನೆಯನ್ನು ತಾನೇ ಕಲ್ಪಿಸಿ ಅವಕ್ಕೆ ಕೂಡಿಸಿದನು. ಕ್ಲೇರನಿಗೆ ಕಲಿಸಿದ ಮಾಸ್ಸ್ಯೂ ಎಂಬವನು ತಾನೂ ಕಿವುಡನೇ. ಬೇರೊಬ್ಬ ಉಪಾಧ್ಯಾಯನು ಹುಡುಗನಿಗೆ ಬಾಯಿಮಾತನ್ನು ಕಲಿಸಬೇಕೆಂದು ಹಟ ಹಿಡಿದು, ಉಚ್ಚಾರ ತಪ್ಪಿದಾಗ ಗದ್ದಕ್ಕೆ ಗುದ್ದಿದನು. ನಾಲಿಗೆಯು ಹಲ್ಲಿಗೆ ಸಿಕ್ಕಿ ಗಾಯವಾಯಿತು. ಇನ್ನು ಮಾತಾಡಲಾರೆನೆಂದು ಹುಡುಗನು ಅಂದೇ ನಿಶ್ಚಯಿಸಿ ಅದರಂತೆಯೇ ನಡೆದನು. 1806ರಲ್ಲಿ ಆತನೇ ಆ ಶಾಲೆಯ ಉಪಾಧ್ಯಾಯನಾದನು.

ಆ ಕಾಲದಲ್ಲಿ ಅಮೇರಿಕಾ ದೇಶದ ಹಾರ್ಟ್‌ಫರ್ಡ್ ಊರಿನ ವೈದ್ಯನಾದ ಕಾಗ್ಸ್‌ವೆಲ್ ಎಂಬವನಿಗೆ ಆಲಿಸ್ ಎಂಬ ಕಿವುಡ ಮಗಳಿದ್ದಳು. ಅವಳಂಥವರಿಗೆ ಕಲಿಸುವ ವಿಧಾನವನ್ನು ತಿಳಿದುಬರಲು ಗ್ಯಾಲೊಡೆಟ್ ಎಂಬ ಯುವಕ ಬೋಧಕನನ್ನು ಯುರೋಪಿಗೆ ಕಳುಹಿಸಿದರು. 1815ರಲ್ಲಿ ಲಂಡನ್ನಿನಲ್ಲಿ ಅವನು ಕ್ಲೇರನನ್ನು ಕಂಡನು. ಮರು ವರುಷ ಪ್ಯಾರಿಸಿಗೆ ಹೋಗಿ ತನ್ನೊಡನೆ ಬರಬೇಕೆಂದು ಬೇಡಿಕೊಂಡನು. ಕ್ಲೇರನಿಗೆ ಇಂಗ್ಲಿಷ್ ಸರಿಯಾಗಿ ಬಾರದು, ತಾಯಿಗೆ ಮಗನನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಪ್ರಯಾಣವೋ ಸಮುದ್ರದ ಆಚೆಗೆ. ಆದರೂ ಮೂರು ವರುಷಗಳ ಮಟ್ಟಿಗೆಂದು ಒಪ್ಪಿ, 1816ನೇ ಜೂನ್ 18ರಲ್ಲಿ ಹಡಗು ಹತ್ತಿದನು. ಐವತ್ತೆರಡು ದಿವಸಗಳ ಆ ಪ್ರಯಾಣದಲ್ಲಿ ಕ್ಲೇರನು ಸನ್ನೆಗಳನ್ನು ಕಲಿಸಿದನು, ಗ್ಯಾಲೊಡೆಟನು ಇಂಗ್ಲಿಷನ್ನು ಕಲಿಸಿದನು. ಗುರುವಾರು ಶಿಷ್ಯನಾರು ಎಂದು ಹೇಳುವದು ಕಷ್ಟ.

1817ನೇ ಏಪ್ರಿಲ್ 15ರಲ್ಲಿ ಹಾರ್ಟ್‌ಫರ್ಡಿನಲ್ಲಿ ಶಾಲೆಯು ತೆರೆಯಿತು. ಇಲ್ಲಿಂದ ಮುಂದಿನದೇ ನಾವು ವಿಶೇಷವಾಗಿ ಹೇಳಬೇಕೆಂದಿರುವ ವಿಷಯ. ಶಾಲೆಗೆ ಬಂದ ಮಕ್ಕಳು ಬರಿಗೈಯಲ್ಲಿ ಬರಲಿಲ್ಲ. ತಮ್ಮ ತಮ್ಮ ಮನೆಯ ಸನ್ನೆಗಳನ್ನು ತಂದರು. ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ಚಿಲ್‌ಮಾರ್ಕ್ ಊರಿನಲ್ಲಿ ಆಗ ಸುಮಾರು ಇಪ್ಪತ್ತೈದು ಮಂದಿಗೆ ಒಬ್ಬನು ಕಿವುಡನು. ಅಲ್ಲಿ ಕಿವಿ ಕೇಳುವವರೂ ಸನ್ನೆಯ ಭಾಷೆಯನ್ನು ಆಡುತ್ತಿದ್ದದರಿಂದ ಕಿವುಡನು ಯಾರಿಗೂ ಹೊರೆಯಾಗಿರಲಿಲ್ಲ. ಆ ದ್ವೀಪದ ಮಕ್ಕಳೂ ಈ ಶಾಲೆಗೆ ಬಂದರು. ಹೀಗೆ ಕ್ಲೇರನು ತಂದ ಫ್ರಾನ್ಸಿನ ಸನ್ನೆಗಳೂ ಮಕ್ಕಳು ತಂದ ಸನ್ನೆಗಳೂ ಊಟದ ಮೇಜಿನಲ್ಲಿ, ಮಲಗುವ ಕೋಣೆಯಲ್ಲಿ, ಆಟದ ಬಯಲಿನಲ್ಲಿ ಬೆರೆತು, ಯಾರೂ ಕುಳಿತು ರಚಿಸದ ಒಂದು ಹೊಸ ಭಾಷೆಯು ಹುಟ್ಟಿತು. ಅದೇ ಅಮೇರಿಕಾದ ಸನ್ನೆಭಾಷೆಯು. ಲೆಪೇ ಕಲ್ಪಿಸಿದ ವ್ಯಾಕರಣದ ಸನ್ನೆಗಳನ್ನು ಕ್ಲೇರನು ಮೊದಲು ಕಲಿಸಿದನು. ಆದರೆ 1830ರ ದಶಕದೊಳಗೆ ಅವು ಶಾಲೆಯಿಂದ ಬಿದ್ದುಹೋದವು. ಯಾಕಂದರೆ ಮಕ್ಕಳು ಪರಸ್ಪರ ಆಡಿಕೊಳ್ಳುವಾಗ ಅವುಗಳನ್ನು ಬಳಸಲಿಲ್ಲ; ಬಳಸದ ಮಾತು ಮುಂದಿನ ಮಕ್ಕಳಿಗೆ ದಾಟುವದು ಹೇಗೆ?

ಕೈಯಿಂದ ಕೈಗೆ ದಾಟುತ್ತಾ ಸನ್ನೆಗಳು ತಾವೂ ಸವೆದವು. ಮನೆ ಎಂಬುದಕ್ಕೆ ಮೊದಲು ಎರಡು ಸನ್ನೆಗಳಿದ್ದವು: ಬಾಯಿಗೆ ತುತ್ತು ಇಡುವದು, ಆಮೇಲೆ ಅಂಗೈಯನ್ನು ಕೆನ್ನೆಗೆ ಕೊಟ್ಟು ಮಲಗುವದು. ಉಣ್ಣುವ ಮಲಗುವ ಸ್ಥಳವೇ ಮನೆಯಷ್ಟೆ! ತುತ್ತು ಹಿಡಿದ ಬೆರಳುಗಳೇ ಬಾಯಿಯ ಬಳಿಯಲ್ಲಿಯೂ ಕೆನ್ನೆಯ ಮೇಲೆಯೂ ತಗಲುವದು ಈಗಿನ ರೂಢಿ. ಇದನ್ನು ಕಲಿಯುವ ಮಗುವಿಗೆ ಊಟವೂ ನಿದ್ರೆಯೂ ನೆನಪಿಗೆ ಬರಬೇಕೆಂದಿಲ್ಲ. ಇನ್ನೊಂದು ವಿಚಿತ್ರ: ಇಂಗ್ಲೆಂಡಿನವರೂ ಅಮೇರಿಕದವರೂ ಬಾಯಿಂದ ಆಡುವ ಭಾಷೆ ಒಂದೇ, ಆದರೆ ಆ ಎರಡು ದೇಶಗಳ ಕಿವುಡರ ಭಾಷೆಗಳು ಒಂದಕ್ಕೊಂದು ತಿಳಿಯವು. ಅಮೇರಿಕದ ಸನ್ನೆಭಾಷೆಯ ನಂಟು ಇರುವದು ಫ್ರಾನ್ಸಿನ ಸಂಗಡ. ಒಬ್ಬ ಉಪಾಧ್ಯಾಯನು ಒಂದು ಹಡಗು ಹತ್ತಿದ್ದರಿಂದ ಹೀಗಾಯಿತು.

ಮೂರು ವರುಷಕ್ಕೆಂದು ಬಂದ ಕ್ಲೇರನು 1858ರ ವರೆಗೆ ಕಲಿಸಿದನು. 1819ರಲ್ಲಿ ತನ್ನ ಶಿಷ್ಯರಲ್ಲಿ ಒಬ್ಬಳಾಗಿದ್ದ ಎಲೈಜಾ ಬೋರ್ಡ್‌ಮನ್ ಎಂಬವಳನ್ನು ಮದುವೆಯಾದನು. ಅವನ ಶಾಲೆಯಲ್ಲಿ ಓದಿದವರು ಬೇರೆ ಊರುಗಳಲ್ಲಿ ಉಪಾಧ್ಯಾಯರಾಗಿ ಹೋದದರಿಂದ ಅವನ ಕೈಯ ಮಾತು ದೇಶದಲ್ಲೆಲ್ಲಾ ಹರಡಿತು. 1864ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ಕಿವುಡರ ಕಾಲೇಜು ಆರಂಭವಾದಾಗ ಮುದುಕನಾದ ಆತನು ಅಲ್ಲಿದ್ದನು. 1869ನೇ ಜುಲಾಯಿ 18ರಲ್ಲಿ ಹಾರ್ಟ್‌ಫರ್ಡಿನಲ್ಲಿ ತೀರಿಹೋದನು.

ಆತನು ಸತ್ತು ಹನ್ನೊಂದು ವರುಷಗಳಾದ ಮೇಲೆ, 1880ರಲ್ಲಿ, ಮಿಲಾನ್ ಪಟ್ಟಣದಲ್ಲಿ ಕೂಡಿದ ಪರಿಷತ್ತು ಕಿವುಡರಿಗೆ ಬಾಯಿಮಾತಿನಿಂದಲೇ ಕಲಿಸಬೇಕೆಂದು ತೀರ್ಮಾನಿಸಿತು. ನೆರೆದ ಉಪಾಧ್ಯಾಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಅನೇಕ ಶಾಲೆಗಳಲ್ಲಿ ಸನ್ನೆಯು ನಿಷಿದ್ಧವಾಯಿತು. ಆದರೂ ದೊಡ್ಡ ಮಕ್ಕಳು ಚಿಕ್ಕವರಿಗೆ ಉಪಾಧ್ಯಾಯರ ಕಣ್ಣು ತಪ್ಪಿಸಿ ಕಲಿಸುತ್ತಲೇ ಬಂದರು. ದ್ವೀಪದ ಭಾಷೆಯಾದರೋ, ಕಲಿಯುವ ಮಕ್ಕಳಿಲ್ಲದೆ, ಅದನ್ನಾಡಿದ ಕೊನೆಯ ಕಿವುಡಳೊಡನೆ 1952ರಲ್ಲಿ ಅಳಿಯಿತು. 1960ರಲ್ಲಿ ಸ್ಟೋಕೀ ಎಂಬ ವಿದ್ವಾಂಸನು, ವಾಷಿಂಗ್ಟನ್ನಿನ ಅದೇ ಕಾಲೇಜಿನಲ್ಲಿದ್ದು, ಸನ್ನೆಭಾಷೆಗೆ ತನ್ನದೇ ಆದ ಕಟ್ಟಳೆಗಳುಂಟೆಂದು ತೋರಿಸಿಕೊಟ್ಟನು. 2010ರಲ್ಲಿ ವಾಂಕೂವರ್ ಪಟ್ಟಣದಲ್ಲಿ ಕೂಡಿದ ಪರಿಷತ್ತು ಮಿಲಾನಿನ ತೀರ್ಮಾನಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು.