ಸ್ಯಾಮ್ಯುಯೆಲ್ ಕೋಲ್ಟ್: ಬ್ಯಾರಲ್ ಮೇಲಿನ ಹೆಸರು, ಹಿಡಿಯ ಮೇಲಿನ ಮುದ್ರೆ

ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಕೋಲ್ಟ್ ರಿವಾಲ್ವರ್ ಗೊತ್ತು. ಅದರ ಹಿಂದಿದ್ದ ಸ್ಯಾಮ್ಯುಯೆಲ್ ಕೋಲ್ಟ್ ಅನ್ನೋ ಮನುಷ್ಯನ ಬಗ್ಗೆ ನಮಗೆ ತಿಳಿದಿರೋದು ಕಡಿಮೆ. ಹಳೆಯ ಮಿಲಿಟರಿ ರಿವಾಲ್ವರ್ ಸಂಗ್ರಹಿಸುವವರು ಮಾತ್ರ ಅವನ ಬಂದೂಕನ್ನು ಇವತ್ತಿಗೂ ಭೂತಗನ್ನಡಿ ಹಿಡಿದು ಓದ್ತಾರೆ. ಹೌದು, ಓದೋದೇ! ಯಾಕಂದ್ರೆ ಅದರ ಮೇಲೆ ಎರಡು ಬಗೆಯ ಬರಹ ಇರುತ್ತೆ. ಒಂದು ಕೋಲ್ಟ್ ತಾನೇ ಕೆತ್ತಿಸಿದ ತನ್ನ ಹೆಸರು. ಇನ್ನೊಂದು, ಸರ್ಕಾರದ ಇನ್ಸ್‌ಪೆಕ್ಟರ್ ಪರೀಕ್ಷೆ ಮಾಡಿ ಒತ್ತಿದ ಒಂದೆರಡು ಪುಟ್ಟ ಅಕ್ಷರ. ಇವನ ಇಡೀ ಬದುಕು ಈ ಎರಡರ ನಡುವೆ ನಡೆಯಿತು ಅಂದರೂ ತಪ್ಪಿಲ್ಲ.

ಕೋಲ್ಟ್ ಹುಟ್ಟಿದ್ದು 1814ರ ಜುಲೈ 19ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಓದಿನಲ್ಲಿ ನಿಲ್ಲದ ಹುಡುಗ, ಸಿಡಿಮದ್ದು ಅಂದ್ರೆ ಪ್ರಾಣ. 1830ರಲ್ಲಿ, ಹದಿನಾರನೇ ವಯಸ್ಸಿಗೆ, ಕಾರ್ವೋ ಎಂಬ ಹಡಗು ಹತ್ತಿ ನಮ್ಮ ಕಲ್ಕತ್ತಕ್ಕೆ ಹೊರಟ. ಆ ಪಯಣದಲ್ಲೇ ಮರದಲ್ಲಿ ತಿರುಗುವ ಸಿಲಿಂಡರಿನ ಮಾದರಿಯೊಂದನ್ನು ಕೆತ್ತಿದ. ಹಡಗಿನ ಚುಕ್ಕಾಣಿ ಚಕ್ರ ತಿರುಗಿ ನಿಲ್ಲುವುದನ್ನು ನೋಡಿ ಈ ಐಡಿಯಾ ಬಂತು ಅನ್ನೋದು ಪ್ರಸಿದ್ಧ ಕಥೆ. ಆದರೆ ತಿರುಗುವ ಸಿಲಿಂಡರ್ ಅವನಿಗಿಂತ ಮೊದಲೇ ಇತ್ತು. ಕೊಲಿಯರ್ ಎಂಬಾತ ಲಂಡನ್ನಿನಲ್ಲಿ ಅಂಥ ಚಕಮಕಿ ಬಂದೂಕು ಮಾಡಿಸಿದ್ದ. ಅದರಲ್ಲಿ ಸಿಲಿಂಡರನ್ನು ಕೈಯಿಂದ ತಿರುಗಿಸಬೇಕಿತ್ತು. ಕೋಲ್ಟ್‌ನ ರಿವಾಲ್ವರಿನಲ್ಲಿ ಹೆಬ್ಬೆರಳಿಂದ ಹ್ಯಾಮರ್ ಹಿಂದಕ್ಕೆ ಎಳೆದರೆ ಸಾಕು, ಸಿಲಿಂಡರ್ ಒಂದು ಮನೆ ತಿರುಗಿ, ಬ್ಯಾರಲ್‌ಗೆ ನೇರವಾಗಿ ಲಾಕ್ ಆಗುತ್ತೆ.

ಊರಿಗೆ ಮರಳಿದವನ ಕೈಯಲ್ಲಿ ಕಾಸಿಲ್ಲ. ಮಾಡಿಸಿದ ಮೊದಲ ಪಿಸ್ತೂಲು ಹಾರಿಸಿದಾಗಲೇ ಒಡೆದುಹೋಯಿತು. ಆಗ ಅವನು ಏನು ಮಾಡಿದ ಗೊತ್ತಾ? ಹೆಸರಿನ ಕಾಗುಣಿತ ಬದಲಿಸಿ, ಮುಂದೆ ಡಾಕ್ಟರ್ ಅಂತ ಸೇರಿಸಿ, ನ್ಯೂಯಾರ್ಕ್, ಲಂಡನ್, ಕಲ್ಕತ್ತದವನು ಅಂತ ಜಾಹೀರಾತು ಕೊಟ್ಟು, ಊರೂರು ತಿರುಗಿ ಜನರಿಗೆ ನಗೆ ಅನಿಲದ ಪ್ರದರ್ಶನ ನೀಡಿದ. ಬಂದ ದುಡ್ಡಲ್ಲಿ ಮಾದರಿಗಳನ್ನು ಮಾಡಿಸಿದ. 1836ರ ಫೆಬ್ರವರಿ 25ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು.

ಅದೇ ವರ್ಷ ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಕಾರ್ಖಾನೆ ಶುರುವಾಯಿತು. ಆದರೆ 1837ರ ಪರೀಕ್ಷೆಯಲ್ಲಿ ಸೈನ್ಯ ಅವನ ಬಂದೂಕನ್ನು ಒಪ್ಪಲಿಲ್ಲ. ರಚನೆ ಬಹಳ ತೊಡಕು ಅಂದಿತು. ಕೋಲ್ಟ್ ಎಷ್ಟೇ ಮಾತುಗಾರನಾದರೂ ಸರ್ಕಾರದ ಒಪ್ಪಿಗೆ ಇಲ್ಲದೆ ದೊಡ್ಡ ಆರ್ಡರ್ ಇಲ್ಲ. 1842ರಲ್ಲಿ ಕಂಪನಿ ಮುಚ್ಚಿತು.

ಅದೃಷ್ಟ ತಿರುಗಿದ್ದು ಮೆಕ್ಸಿಕೋ ಯುದ್ಧದಲ್ಲಿ. ಅವನ ಹಳೆಯ ರಿವಾಲ್ವರ್ ಬಳಸಿ ಬಲ್ಲವನಾಗಿದ್ದ ಸ್ಯಾಮ್ಯುಯೆಲ್ ವಾಕರ್ ಎಂಬ ಕ್ಯಾಪ್ಟನ್, ಇನ್ನೂ ದೊಡ್ಡದು ಬೇಕು ಅಂತ ಕೇಳಿದ. 1847ರಲ್ಲಿ ಸರ್ಕಾರದಿಂದ 1,000 ರಿವಾಲ್ವರಿಗೆ ಆರ್ಡರ್ ಬಂತು. ಕೋಲ್ಟ್ ಬಳಿ ಕಾರ್ಖಾನೆಯೇ ಇರಲಿಲ್ಲ! ಎಲೈ ವಿಟ್ನಿಯ ಮಗನ ಕಾರ್ಖಾನೆಯಲ್ಲಿ ಮಾಡಿಸಿ ಕೊಟ್ಟ. ಸುಮಾರು 2 ಕೆ.ಜಿ. ತೂಕ, 9 ಇಂಚಿನ ಬ್ಯಾರಲ್, ಆರು ಗುಂಡು. ಅದರ ಮೇಲೆ ಸೈನ್ಯದ ಯಾವ ತುಕಡಿಗೆ ಸೇರಿದ್ದು ಅಂತ ಒಂದು ಅಕ್ಷರ, ಜೊತೆಗೆ ಸಂಖ್ಯೆ. ಆದರೆ ಆ ಕಾಲದ ಕಬ್ಬಿಣಕ್ಕೆ ಅಷ್ಟು ಮದ್ದಿನ ಒತ್ತಡ ತಡೆಯುವ ಶಕ್ತಿ ಸಾಲದೆ ಎಷ್ಟೋ ಸಿಲಿಂಡರ್‌ಗಳು ಯುದ್ಧಭೂಮಿಯಲ್ಲೇ ಒಡೆದವು. ಮರುವರ್ಷ ಬಂದ ಡ್ರಗೂನ್ ಮಾದರಿಯಲ್ಲಿ ಸಿಲಿಂಡರ್ ಚಿಕ್ಕದಾಯಿತು, ತುಂಬುವ ಮದ್ದೂ ಕಡಿಮೆಯಾಯಿತು. ಸೈನ್ಯಕ್ಕೆ ಹೋದ ಡ್ರಗೂನ್‌ಗಳ ಹಿಡಿಯಲ್ಲಿ ಡಬ್ಲ್ಯು.ಎ.ಟಿ. ಎಂಬ ಮೂರಕ್ಷರ ಕಾಣುತ್ತೆ: ವಿಲಿಯಂ ಎ. ಥಾರ್ನ್‌ಟನ್, ಪರೀಕ್ಷಿಸಿದ ಸೇನಾಧಿಕಾರಿ.

ಈ ಮುದ್ರೆ ಓದೋದು ಹೇಗೆ? ಅಮೆರಿಕದ ಪದ್ಧತಿಯಲ್ಲಿ ಕೆಳಗಿನ ಇನ್ಸ್‌ಪೆಕ್ಟರ್‌ಗಳು ಬ್ಯಾರಲ್, ಸಿಲಿಂಡರ್, ಫ್ರೇಮ್ ಹೀಗೆ ಒಂದೊಂದು ಭಾಗ ನೋಡಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಕೊನೆಗೆ ಮುಖ್ಯ ಇನ್ಸ್‌ಪೆಕ್ಟರ್ ಪೂರ್ತಿ ಬಂದೂಕು ಒಪ್ಪಿ, ಮರದ ಹಿಡಿಯ ಮೇಲೆ ಚೌಕಟ್ಟಿನೊಳಗೆ ತನ್ನ ಇನಿಷಿಯಲ್ಸ್ ಒತ್ತುತ್ತಿದ್ದ. ಫೇಲಾದ ಭಾಗಕ್ಕೆ ಸಿ ಅಕ್ಷರ ಬೀಳುತ್ತಿತ್ತು. ಬ್ರಿಟಿಷರಲ್ಲಿ ಸರ್ಕಾರಿ ಆಸ್ತಿಗೆ ಬಾಣದ ಗುರುತು. ಎರಡು ಬಾಣಗಳ ಮೊನೆ ಎದುರುಬದುರು ಇದ್ದರೆ, ಅದು ಸೇವೆಯಿಂದ ತೆಗೆದು ಮಾರಿದ ಮಾಲು.

ದುಡ್ಡು ಬಂದಮೇಲೆ ಕೋಲ್ಟ್ ಹಾರ್ಟ್‌ಫರ್ಡ್‌ನಲ್ಲಿ ಸ್ವಂತ ಕಾರ್ಖಾನೆ ಕಟ್ಟಿದ. 1851ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಯಂತ್ರದಿಂದ ಬಂದೂಕು ಮಾಡುವ ಬಗ್ಗೆ ಪ್ರಬಂಧ ಓದಿದ. 1853ರಲ್ಲಿ ಅಲ್ಲೂ ಕಾರ್ಖಾನೆ ತೆರೆದ. ಯಂತ್ರಗಳ ನಿಜವಾದ ಮಿದುಳು ಅವನ ಸೂಪರಿಂಟೆಂಡೆಂಟ್ ಎಲೈಷಾ ರೂಟ್. ಒಂದು ರಿವಾಲ್ವರಿನ ಭಾಗ ಇನ್ನೊಂದಕ್ಕೆ ಹಾಗೇ ಕೂರುತ್ತೆ ಅನ್ನೋದು ಕೋಲ್ಟ್‌ನ ಬಂದೂಕಿಗೆ ಬಂದ ದೊಡ್ಡ ಹೆಸರು. ನಿಜ ಏನು ಅಂತ ಬಂದೂಕೇ ಹೇಳುತ್ತೆ. ಫ್ರೇಮ್, ಬ್ಯಾರಲ್, ಸಿಲಿಂಡರ್ ಎಲ್ಲದರ ಮೇಲೂ ಒಂದೇ ಸೀರಿಯಲ್ ನಂಬರ್. ಯಂತ್ರದಿಂದ ಬಂದ ಭಾಗಗಳನ್ನು ಮೆತ್ತಗಿರುವಾಗಲೇ ಫೈಲ್ ಹಿಡಿದು ಉಜ್ಜಿ ಹೊಂದಿಸಿ, ನಂಬರ್ ಒತ್ತಿ, ಬಿಚ್ಚಿ ಗಟ್ಟಿ ಮಾಡಿ, ಮತ್ತೆ ಅದೇ ಜೋಡಿಯನ್ನು ಸೇರಿಸುತ್ತಿದ್ದರು. ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬ್‌ನಲ್ಲಿ ವಿ-ಜಾಯಿಂಟ್ ಉಜ್ಜಿದ ನಮಗೆ ಇದು ಬೇಗ ಅರ್ಥವಾಗುತ್ತೆ: ನಮ್ಮ ಪೀಸ್ ಪಕ್ಕದವನ ಪೀಸ್‌ಗೆ ಕೂರಲ್ಲ.

ಕೋಲ್ಟ್‌ಗೆ ಇನ್ನೊಂದು ಮುಖವೂ ಇತ್ತು. ಅಧಿಕಾರಿಗಳಿಗೆ, ದೊರೆಗಳಿಗೆ ಚಿತ್ತಾರದ ರಿವಾಲ್ವರ್‌ಗಳನ್ನು ಉಡುಗೊರೆ ಕೊಡುತ್ತಿದ್ದ. ಪೇಟೆಂಟ್ ಅವಧಿ ಮತ್ತೆ ವಿಸ್ತರಿಸಲು ಹೀಗೇ ಉಡುಗೊರೆ ಹಂಚಿದ ಅಂತ 1854ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ವಿಸ್ತರಣೆ ಸಿಗಲಿಲ್ಲ, 1857ಕ್ಕೆ ಪೇಟೆಂಟ್ ಮುಗಿಯಿತು. ಯುದ್ಧಕ್ಕೆ ಹೋಗದವನು ಗವರ್ನರ್ ಕೊಟ್ಟ ಬಿರುದಿನಿಂದ ಕರ್ನಲ್ ಆದ. ಹಾರ್ಟ್‌ಫರ್ಡ್‌ನಲ್ಲಿ ತಯಾರಾದ ಬ್ಯಾರಲ್ ಮೇಲೆ ಕರ್ನಲ್ ಕೋಲ್ಟ್, ನ್ಯೂಯಾರ್ಕ್ ಅಂತ ವಿಳಾಸ ಹಾಕಿಸಿದ. ಕಲ್ಕತ್ತದ ಡಾಕ್ಟರ್ ಇನ್ನೂ ಬದುಕಿದ್ದ ಅನ್ನಿ! ಇಂಥವನ ಮಾಲಿನ ಮೇಲೆ ಅವನದಲ್ಲದ ಕೈಯ ಗುರುತೊಂದು ಬೇಕೇ ಬೇಕಿತ್ತು.

ಅಮೆರಿಕದ ಅಂತರ್ಯುದ್ಧ ಶುರುವಾಗುವವರೆಗೂ ಆತ ದಕ್ಷಿಣದ ರಾಜ್ಯಗಳಿಗೂ ಮಾಲು ಮಾರಿದ. ಆಮೇಲೆ ಉತ್ತರದ ಸರ್ಕಾರ ಅವನ 1860ರ ಆರ್ಮಿ ಮಾದರಿಯನ್ನು ಒಂದು ಲಕ್ಷಕ್ಕೂ ಹೆಚ್ಚು ಕೊಂಡಿತು. ಅದರ ಪೂರ್ತಿ ಲಾಭ ನೋಡುವ ಮೊದಲೇ, 1862ರ ಜನವರಿ 10ರಂದು, 47ನೇ ವಯಸ್ಸಿಗೆ ಕೋಲ್ಟ್ ತೀರಿಕೊಂಡ. 1864ರಲ್ಲಿ ಕಾರ್ಖಾನೆಯ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು, ಎಷ್ಟೋ ದಾಖಲೆಗಳೂ ಹೋದವು. ಹೆಂಡತಿ ಎಲಿಜಬೆತ್ ಅದನ್ನು ಮತ್ತೆ ಕಟ್ಟಿಸಿದಳು.

ದಾಖಲೆ ಸುಟ್ಟಮೇಲೆ ಲೋಹದ ಮೇಲಿನ ಗುರುತೇ ಸಾಕ್ಷಿ. ಹಾಗಾಗಿ ಕಳ್ಳಮುದ್ರೆಗಳೂ ಹುಟ್ಟಿದವು. 1873ರ ಮಾದರಿಯ ಮೇಲೆ ಓ.ಡಬ್ಲ್ಯು.ಎ. ಅಂತಿದ್ದರೆ ಅದು ಏನ್ಸ್‌ವರ್ತ್ ಪರೀಕ್ಷಿಸಿದ್ದು. ಅವನು ನೋಡಿದ ರಿವಾಲ್ವರ್‌ಗಳು 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ನಾಶವಾದ ಕಸ್ಟರ್‌ನ ಪಡೆಯ ಕೈಯಲ್ಲಿದ್ದವು. ಬೆಲೆ ಏರಿತು, ನಕಲಿ ಬಂತು. ಅನುಭವಿ ಸಂಗ್ರಾಹಕ ಮೊದಲು ನೋಡೋದು ಸವೆತ. ಲೋಹವೆಲ್ಲ ಸವೆದು ಹಿಡಿಯ ಮುದ್ರೆ ಮಾತ್ರ ಹೊಸದಾಗಿ ಚೂಪಾಗಿದ್ದರೆ ಅನುಮಾನ. ತುಕ್ಕಿನ ಗುಳಿಯ ಮೇಲೆ ಅಕ್ಷರ ಬಿದ್ದಿದ್ದರೂ ಅನುಮಾನ, ಏಕೆಂದರೆ ಅಕ್ಷರ ಮೊದಲು, ತುಕ್ಕು ಆಮೇಲೆ ಬರಬೇಕು. ಇನ್ನು ನಂಬರ್ ಹೊಂದಿದರೆ ಅಸಲಿ ಅನ್ನೋದೂ ಎಲ್ಲ ಕಡೆ ನಡೆಯಲ್ಲ. 1890ರ ದಶಕದಲ್ಲಿ ಸೈನ್ಯ ಹಳೆಯ ರಿವಾಲ್ವರ್‌ಗಳನ್ನು ಬಿಚ್ಚಿ, ಬ್ಯಾರಲನ್ನು ಏಳೂವರೆಯಿಂದ ಐದೂವರೆ ಇಂಚಿಗೆ ಇಳಿಸಿ, ಭಾಗಗಳನ್ನು ಬೆರೆಸಿ ಜೋಡಿಸಿತು. ಅವುಗಳಲ್ಲಿ ನಂಬರ್ ಬೇರೆ ಬೇರೆ ಇರೋದೇ ಸಹಜ.

ಆದ್ದರಿಂದ ಅವರು ಹಳೆಯ ಬಂದೂಕನ್ನು ಪಾಲಿಶ್ ಮಾಡಲು ಬಿಡಲ್ಲ. ಒಮ್ಮೆ ಪಾಲಿಶ್ ಚಕ್ರಕ್ಕೆ ಹಿಡಿದರೆ ಇನ್ಸ್‌ಪೆಕ್ಟರ್ ಒತ್ತಿದ ಪುಟ್ಟ ಅಕ್ಷರ ಮೊದಲು ಹೋಗುತ್ತೆ. ಆಮೇಲೆ ಉಳಿಯೋದು ಹೊಳೆಯುವ ಕಬ್ಬಿಣ ಮತ್ತು ಕೋಲ್ಟ್ ತನ್ನ ಬಗ್ಗೆ ತಾನೇ ಬರೆಸಿಕೊಂಡ ಒಂದು ಸಾಲು.